ಆಂಟಿವೈರಸ್ ಪ್ರೊಸೆಸರ್ ತಿಂತಾ ಇದ್ಯಾ, ವರ್ಚುವಲ್ ಮಶೀನ್ ಓಪನ್ ಆಗ್ತಿಲ್ವಾ? ಕಿತ್ತಾಕೋಕೆ ಮುಂಚೆ ಇದಿಷ್ಟು ನೋಡಿ

ಹೋದ ತಿಂಗ್ಳು ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ, ಲ್ಯಾಬ್ ಕೆಲ್ಸಕ್ಕೆ ಅಂತ ವಿಂಡೋಸ್ ಲ್ಯಾಪ್‌ಟಾಪಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ನಕಲಿ ಕಂಪ್ಯೂಟರ್, ಅಂದ್ರೆ ವರ್ಚುವಲ್ ಮಶೀನ್, ಓಡಿಸೋ ಸಾಫ್ಟ್‌ವೇರ್) ಹಾಕಿ ಅದ್ರೊಳಗೆ ಉಬುಂಟು ಅನ್ನೋ ಲಿನಕ್ಸ್ ಹಾಕ್ಕೊಂಡಿದ್ದಾನೆ. "ಮಾಮ, ಉಬುಂಟು ಓಪನ್ನೇ ಆಗ್ತಿಲ್ಲ, ಲ್ಯಾಪ್‌ಟಾಪ್ ಬೇರೆ ಕಾದ ಕಾವಲಿ ಆಗಿದೆ, ಫ್ಯಾನ್ ಸೌಂಡ್ ಕೇಳಿ ಅಮ್ಮ ಮಿಕ್ಸಿ ಆಫ್ ಮಾಡೋದು ಮರ್ತೆ ಅಂತ ಅಡುಗೆಮನೆಗೆ ಹೋಗಿ ನೋಡ್ಕೊಂಡು ಬಂದ್ಲು" ಅಂದ. ಅಷ್ಟೊತ್ತಿಗೆ ಅವ್ನು ವರ್ಚುವಲ್‌ಬಾಕ್ಸ್ ಎರಡು ಸಲ ತೆಗ್ದು ಎರಡು ಸಲ ಹಾಕಿದ್ದ. ಒಬ್ಬ ಫ್ರೆಂಡು ಬಯೋಸಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗ್ ಪರದೆ) ವರ್ಚುವಲೈಸೇಶನ್ ಆಫ್ ಮಾಡು ಅಂದಿದ್ನಂತೆ, ಇನ್ನೊಬ್ಬ ಆಂಟಿವೈರಸ್ಸೇ ಕಿತ್ತಾಕು ಅಂದಿದ್ನಂತೆ, ಮೂರನೆಯವ್ನು ಎಂದಿನ ಹಾಗೆ ಫಾರ್ಮ್ಯಾಟ್ ಹೊಡಿ ಅಂದಿದ್ದ. ಮೂರೂ ಬೇಕಾಗಿರ್ಲಿಲ್ಲ. ಅವತ್ತು ಫೋನಲ್ಲೇ ಕೂತು ಒಂದೂವರೆ ಗಂಟೆ ಏನೇನು ನೋಡಿದ್ವೋ ಅದನ್ನೇ ಇಲ್ಲಿ ಬರೀತಿದೀನಿ, ಜೊತೆಗೆ ಅವ್ನಿಗೆ ಬೇಡದೇ ಇದ್ದು ನಿಮಗೆ ಬೇಕಾಗಬಹುದಾದ ನಾಲ್ಕು ಮಾತೂ ಸೇರಿಸಿದೀನಿ.

ಒಂದೇ ಕಂಡೀಶನ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಮಾಡಿ, ನೋಡಿ, ಆಮೇಲೆ ಮುಂದಿಂದು. ಐದು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿ ಸರಿಹೋದ್ರೆ ಯಾವ್ದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಬೇಡದ ನಾಲ್ಕು ಸೆಟ್ಟಿಂಗ್ ಹಾಗೇ ಆಫ್ ಆಗಿ ಉಳ್ಕೊಂಡಿರತ್ತೆ.

ಮೊದ್ಲು ತಿಂತಿರೋದು ಯಾರು ಅಂತ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರತ್ತೆ. ಸಿಪಿಯು (ಅಂದ್ರೆ ಪ್ರೊಸೆಸರ್) ಅನ್ನೋ ಕಾಲಂ ಮೇಲೆ ಕ್ಲಿಕ್ ಮಾಡಿದ್ರೆ ಜಾಸ್ತಿ ತಿನ್ನೋರು ಮೇಲಕ್ಕೆ ಬರ್ತಾರೆ. ವಿಂಡೋಸಿನ ಸ್ವಂತ ಡಿಫೆಂಡರ್ ಆದ್ರೆ ಅಲ್ಲಿ ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಅನ್ನೋ ಹೆಸ್ರು ಕಾಣತ್ತೆ, ಬೇರೆ ಆಂಟಿವೈರಸ್ ಆದ್ರೆ ಸಾಮಾನ್ಯವಾಗಿ ಅದರ ಹೆಸ್ರೇ ಇರತ್ತೆ. ಆ ಹೆಸ್ರಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಕೊಡಿ. ಡಿಫೆಂಡರ್ ಆಗಿದ್ರೆ ಪ್ರೋಗ್ರಾಂಡೇಟಾ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಅದ್ರಲ್ಲಿ ವಿಂಡೋಸ್ ಡಿಫೆಂಡರ್, ಅದರೊಳಗಿನ ಪ್ಲಾಟ್‌ಫಾರ್ಮ್ ಫೋಲ್ಡರಿಗೆ ಹೋಗ್ಬೇಕು. ಅದು ಬಿಟ್ಟು ಟೆಂಪ್ ಫೋಲ್ಡರ್, ಡೌನ್‌ಲೋಡ್ಸ್ ಅಂತೆಲ್ಲ ತೋರಿಸಿದ್ರೆ ಅದು ಆಂಟಿವೈರಸ್ ವೇಷ ಹಾಕ್ಕೊಂಡಿರೋ ಕಳ್ಳ ಇರಬಹುದು, ಕ್ರಿಪ್ಟೋ ಮೈನರ್‌ಗಳು (ನಿಮ್ಮ ಪ್ರೊಸೆಸರ್ ಕದ್ದು ಬಳಸಿ ಡಿಜಿಟಲ್ ದುಡ್ಡು ಮಾಡೋ ಪ್ರೋಗ್ರಾಂಗಳು) ಹಿಂಗೇ ಬೇರೆಯವ್ರ ಹೆಸ್ರಲ್ಲಿ ಕೂತ್ಕೊಳ್ಳೋದು. ಹಾಗಿದ್ರೆ ಈ ಲೇಖನ ಇಲ್ಲಿಗೇ ಬಿಟ್ಟು ಮೊದ್ಲು ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿ.

ಅದೇ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ ಸ್ಪೀಡ್ ಎಷ್ಟಿದೆ ಅಂತಾನೂ ಒಂದ್ಸಲ ಕಣ್ಣು ಹಾಯಿಸಿ. ಸ್ಪೀಡ್ 0.4, 0.8 ಗಿಗಾಹರ್ಟ್ಸಿಗೆ ಅಂಟ್ಕೊಂಡು ಮೇಲೇಳ್ತಾನೇ ಇಲ್ಲ ಅಂದ್ರೆ ತಪ್ಪು ಆಂಟಿವೈರಸ್ಸಿಂದಲ್ಲ. ಚಾರ್ಜರ್ ಒರಿಜಿನಲ್ ಅಲ್ಲ ಅಂತ ಲ್ಯಾಪ್‌ಟಾಪ್ ಮುನಿಸ್ಕೊಂಡಿರತ್ತೆ, ಇಲ್ಲಾ ಫ್ಯಾನಲ್ಲಿ ಧೂಳು ತುಂಬಿ ಬಿಸಿಗೆ ಪ್ರೊಸೆಸರ್ ತಾನಾಗೇ ಸ್ಪೀಡ್ ಇಳಿಸ್ಕೊಂಡಿರತ್ತೆ. ಕಲಬುರಗಿ, ರಾಯಚೂರು ಕಡೆಯವ್ರಿಗೆ ಏಪ್ರಿಲ್ ಮೇನಲ್ಲಿ ಇದನ್ನ ಬಿಡಿಸಿ ಹೇಳೋದೇ ಬೇಡ. ಅಷ್ಟು ಕಡಿಮೆ ಸ್ಪೀಡಲ್ಲಿ ಯಾವ ಪ್ರೋಗ್ರಾಂ ಓಡಿದ್ರೂ ಭಾರಾನೇ.

ಈಗ ಅಸಲಿ ವಿಷ್ಯ. ಆಂಟಿವೈರಸ್ 40% ತಿಂತಿದೆ ಅಂದ ಮಾತ್ರಕ್ಕೆ ಅದೇ ಶುರು ಮಾಡಿದ್ದು ಅಂತಲ್ಲ, ಬೇರೆ ಯಾವ್ದೋ ಪ್ರೋಗ್ರಾಂ ಸಾವಿರಾರು ಫೈಲ್ ತೆಗೀತಾ ಮುಚ್ತಾ ಇರತ್ತೆ, ಒಂದೊಂದು ಸಲ ತೆಗ್ದಾಗ್ಲೂ ಆಂಟಿವೈರಸ್ ಬಂದು ಇಣುಕಿ ನೋಡ್ಬೇಕು, ಅದರ ಕೆಲ್ಸವೇ ಅದು. ಸ್ಟಾರ್ಟಲ್ಲಿ ರಿಸೋರ್ಸ್ ಮಾನಿಟರ್ ಅಂತ ಹುಡುಕಿ ಓಪನ್ ಮಾಡಿ, ಡಿಸ್ಕ್ ಟ್ಯಾಬಿಗೆ ಹೋಗಿ, ಆಂಟಿವೈರಸ್ಸಿನ ಹೆಸ್ರಿಗೆ ಟಿಕ್ ಹಾಕಿ, ಕೆಳಗಡೆ ಡಿಸ್ಕ್ ಆಕ್ಟಿವಿಟಿಯಲ್ಲಿ ಅದು ಈ ಕ್ಷಣ ಯಾವ ಫೈಲ್ ಓದ್ತಿದೆ ಅಂತ ಬರತ್ತೆ. ಎರಡು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ನಮ್ಮ ಹುಡುಗನ ಲ್ಯಾಪ್‌ಟಾಪಲ್ಲಿ ಒಂದೇ ಫೈಲ್ ಹೆಸ್ರು ಮತ್ತೆ ಮತ್ತೆ ಬರ್ತಿತ್ತು, ಹಳೇ ವರ್ಚುವಲ್ ಮಶೀನಿನ 30 ಜಿಬಿ ಡಿಸ್ಕ್ ಫೈಲ್, ಅವ್ನು ಅದನ್ನ ಪೆನ್‌ಡ್ರೈವಿಗೆ ಕಾಪಿ ಹಾಕಿ ಮರ್ತಿದ್ದ. ಪ್ರೋಗ್ರಾಮಿಂಗ್ ಮಾಡೋರ ಹತ್ರ ಇದು ನೋಡ್ ಮಾಡ್ಯೂಲ್ಸ್ ಫೋಲ್ಡರ್ ಆಗಿರತ್ತೆ, ಆಡಿಟರ್ ಆಫೀಸಲ್ಲಿ ಟ್ಯಾಲಿ ಡೇಟಾ ಫೋಲ್ಡರ್, ಇನ್ನು ಕೆಲವ್ರ ಹತ್ರ ಔಟ್‌ಲುಕ್ಕಿನ ಹತ್ತು ವರ್ಷದ ಮೇಲ್ ಇರೋ ಒಂದೇ ಒಂದು ದೊಡ್ಡ ಫೈಲ್. ಈ ಹೆಸ್ರನ್ನ ಒಂದು ಚೀಟೀಲಿ ಬರ್ಕೊಳ್ಳಿ, ಕೊನೇಲಿ ಬೇಕಾಗತ್ತೆ.

ಮನೇಲಿ ಇಬ್ರು ವಾಚ್‌ಮನ್ ಇದಾರಾ

ಹೊಸ ಲ್ಯಾಪ್‌ಟಾಪ್ ಜೊತೆ ಫ್ರೀ ಟ್ರಯಲ್ ಅಂತ ಒಂದು ಆಂಟಿವೈರಸ್ ಬಂದಿರತ್ತೆ, ಟ್ರಯಲ್ ಮುಗ್ದು ವರ್ಷ ಆಗಿರತ್ತೆ, ಅದನ್ನ ತೆಗೀದೇ ನಾವು ಇನ್ನೊಂದು ಹಾಕಿರ್ತೀವಿ. ಒಬ್ರು ತೆಗ್ದ ಫೈಲನ್ನ ಇನ್ನೊಬ್ರು ಚೆಕ್ ಮಾಡೋದು, ಅವ್ರು ತೆಗ್ದಿದ್ದನ್ನ ಇವ್ರು. ಬೇರೆ ಆಂಟಿವೈರಸ್ ಸರಿಯಾಗಿ ರಿಜಿಸ್ಟರ್ ಆಗಿದ್ರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರೀತದೆ, ಆದ್ರೆ ಎರಡು ಹೊರಗಿನವು ಸೇರ್ಕೊಂಡ್ರೆ ಯಾರೂ ಸರಿಯಲ್ಲ. ವಿಂಡೋಸ್ ಸೆಕ್ಯೂರಿಟಿ ಓಪನ್ ಮಾಡಿ, ಸೆಟ್ಟಿಂಗ್ಸಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ಒತ್ತಿ, ಯಾರ್ಯಾರಿದಾರೆ ಪಟ್ಟಿ ಬರತ್ತೆ. ಒಬ್ರನ್ನ ಇಟ್ಕೊಂಡು ಉಳಿದವ್ರನ್ನ ಕಳಿಸಿ. ಬರೀ ಅನ್‌ಇನ್‌ಸ್ಟಾಲ್ ಮಾಡಿದ್ರೆ ಕೆಲವು ಸಲ ಡ್ರೈವರ್‌ಗಳು ಅಲ್ಲೇ ಉಳ್ದಿರತ್ತೆ, ಅದಕ್ಕೇ ಅವಾಸ್ಟ್, ಕ್ಯಾಸ್ಪರ್‌ಸ್ಕಿ, ಇಸೆಟ್ ಇವರೆಲ್ಲ ಬೇರೆಯಾಗಿ ರಿಮೂವಲ್ ಟೂಲ್ ಕೊಡ್ತಾರೆ, ಅದನ್ನ ಅವರ ಸೈಟಿಂದಾನೇ ಇಳಿಸ್ಕೊಂಡು ಸೇಫ್ ಮೋಡಲ್ಲಿ (ತೀರಾ ಬೇಕಾದ ಡ್ರೈವರ್‌ಗಳು ಮಾತ್ರ ಇಟ್ಕೊಂಡು ವಿಂಡೋಸ್ ಏಳೋ ರೀತಿ) ಓಡಿಸಿ.

ವರ್ಚುವಲೈಸೇಶನ್ ಅಂದ್ರೆ ಒಂದಲ್ಲ, ನಾಲ್ಕು

ಇಲ್ಲೇ ಎಲ್ರೂ ಎಡವೋದು. ಆಂಟಿವೈರಸ್ ವಿಷ್ಯದಲ್ಲಿ ಈ ಪದಕ್ಕೆ ಬೇರೆ ಬೇರೆ ಅರ್ಥ ಇದೆ, ಯಾವುದು ನಿಮ್ಮ ತೊಂದ್ರೆ ಅಂತ ಗೊತ್ತಿಲ್ದೇ ಸೆಟ್ಟಿಂಗ್ ಮುಟ್ಟಿದ್ರೆ ಸಂಬಂಧಾನೇ ಇಲ್ದಿರೋದನ್ನ ಆಫ್ ಮಾಡಿರ್ತೀರ.

ಪ್ರೊಸೆಸರ್ ಒಳಗೇ ವರ್ಚುವಲೈಸೇಶನ್ ಅನ್ನೋ ಸೌಕರ್ಯ ಇದೆ, ಇಂಟೆಲ್‌ನವ್ರು ವಿಟಿ-ಎಕ್ಸ್ ಅಂತಾರೆ, 2005ರಿಂದ ಇದೆ, ಎಎಂಡಿಯವ್ರು ಮಾರನೇ ವರ್ಷ ಎಎಂಡಿ-ವಿ ಅಂತ ತಂದ್ರು. ಇದನ್ನ ಬಳಸೋಕೆ ಒಂದು ಸಾಫ್ಟ್‌ವೇರ್ ಎಲ್ಲರಿಗಿಂತ ಕೆಳಗೆ, ಆಪರೇಟಿಂಗ್ ಸಿಸ್ಟಮಿಗಿಂತಲೂ ಕೆಳಗೆ ಹೋಗಿ ಕೂತ್ಕೋಬೇಕು, ಅದಕ್ಕೆ ಹೈಪರ್‌ವೈಸರ್ ಅಂತಾರೆ. ಊರಲ್ಲಿ ನೀರುಗಂಟಿ ಇರ್ತಾನಲ್ಲ, ವಾಲ್ವ್ ಕೈ ಅವ್ನೊಬ್ಬನ ಹತ್ರ, ಯಾವ ಬೀದಿಗೆ ಎಷ್ಟೊತ್ತು ನೀರು ಅಂತ ಅವ್ನೇ ಬಿಡೋದು, ಇಬ್ರು ನೀರುಗಂಟಿಗಳು ಒಂದೇ ವಾಲ್ವಿಗೆ ಕೈ ಹಾಕಿದ್ರೆ ಯಾವ ಬೀದಿಗೂ ನೀರು ಬರಲ್ಲ. ವರ್ಚುವಲ್‌ಬಾಕ್ಸ್, ವಿಎಂವೇರ್ ಇವಕ್ಕೆಲ್ಲ ಆ ಕೆಲ್ಸ ಬೇಕು. ಕೆಲವು ಆಂಟಿವೈರಸ್‌ಗಳೂ ವೈರಸ್ ತಮ್ಮನ್ನೇ ಕೊಲ್ಲಬಾರ್ದು ಅಂತ ಅದೇ ಜಾಗಕ್ಕೆ ಹೋಗಿ ಕೂತಿರ್ತಾವೆ. ಇದು ಮೊದಲ್ನೇ ಅರ್ಥ.

ಎರಡ್ನೇದು ಸ್ಯಾಂಡ್‌ಬಾಕ್ಸ್, ಅನುಮಾನ ಇರೋ ಪ್ರೋಗ್ರಾಮನ್ನ ಒಂದು ಬೇಲಿ ಒಳಗೆ ಓಡಿಸೋದು. ಕೊಮೊಡೊದಲ್ಲಿ ಇದಕ್ಕೆ ಕಂಟೈನ್‌ಮೆಂಟ್ ಅಂತಾರೆ. ಗೊತ್ತಿಲ್ಲದ ಪ್ರೋಗ್ರಾಂ ಎಲ್ಲಾನೂ ಅದು ತಾನಾಗೇ ಬೇಲಿ ಒಳಗೆ ಹಾಕೋದ್ರಿಂದ ನೀವೇ ಬರ್ದ ಸಣ್ಣ ಪ್ರೋಗ್ರಾಂ ಕೂಡ ಬೇಲಿಗೆ ಬಿದ್ದಿರಬಹುದು. ಮೂರ್ನೇದು ಕಣ್ಣಿಗೆ ಕಾಣಲ್ಲ, ಸ್ಕ್ಯಾನ್ ಎಂಜಿನ್ ಒಳಗೆ ಒಂದು ಎಮ್ಯುಲೇಟರ್, ಅಂದ್ರೆ ಪುಟ್ಟ ನಕಲಿ ಕಂಪ್ಯೂಟರ್, ಇರತ್ತೆ, ಗುರುತು ಸಿಗದ ಎಕ್ಸ್‌ಇ ಫೈಲನ್ನ ಅದರಲ್ಲಿ ಕ್ಷಣಕಾಲ ಓಡಿಸಿ ನೋಡತ್ತೆ, ಪ್ಯಾಕ್ ಮಾಡಿರೋ ಇನ್‌ಸ್ಟಾಲರ್‌ಗಳನ್ನ ಸ್ಕ್ಯಾನ್ ಮಾಡುವಾಗ ಪ್ರೊಸೆಸರ್ ಜಿಗಿಯೋದಕ್ಕೆ ಇದೂ ಒಂದು ಕಾರಣ. ಇದನ್ನ ಮುಟ್ಟೋಕೆ ಹೋಗ್ಬೇಡಿ.

ನಾಲ್ಕ್ನೇದು ವಿಂಡೋಸಿಂದೇ, ಕೋರ್ ಐಸೋಲೇಶನ್, ಅದರೊಳಗಿನ ಮೆಮೊರಿ ಇಂಟೆಗ್ರಿಟಿ. ಇದು ಆನ್ ಇದ್ರೆ ವಿಂಡೋಸಿನ ಹೈಪರ್‌ವೈಸರ್ ಬೂಟ್ ಆಗುವಾಗ್ಲೇ ಬಂದು ಕೂತಿರತ್ತೆ. ನಾನು ಯಾವ ಆಂಟಿವೈರಸ್ಸೂ ಹಾಕೇ ಇಲ್ಲ, ಆದ್ರೂ ಯಾಕೆ ಹಿಂಗೆ ಅನ್ನೋರು ಇದನ್ನ ನೋಡಿ.

ಈಗ ಅಲ್ಲಿ ಕೂತಿರೋದು ಯಾರು

ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸಲ್ಲಿ ಸಿಪಿಯು ಗ್ರಾಫಿನ ಕೆಳಗೆ ವರ್ಚುವಲೈಸೇಶನ್ ಎನೇಬಲ್ಡ್ ಅಂತ ಇರ್ಬೇಕು. ಡಿಸೇಬಲ್ಡ್ ಅಂತಿದ್ರೆ ಬಯೋಸಿಗೆ ಹೋಗಿ ಆನ್ ಮಾಡ್ಬೇಕು, ಇಂಟೆಲ್ ಆದ್ರೆ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿ ಆದ್ರೆ ಎಸ್‌ವಿಎಂ ಮೋಡ್ ಅಂತ ಇರತ್ತೆ. ತಡೀರಿ, ಹೋಗೋಕೆ ಮುಂಚೆ ಒಂದು ಮಾತು, ಇದನ್ನ ದಪ್ಪಕ್ಷರದಲ್ಲಿ ಓದ್ಕೊಳ್ಳಿ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಡೇಟಾಗೆ ಬೀಗ ಹಾಕೋ ವ್ಯವಸ್ಥೆ) ಆನ್ ಇರೋ ಲ್ಯಾಪ್‌ಟಾಪಲ್ಲಿ ಬಯೋಸ್ ಸೆಟ್ಟಿಂಗ್ ಬದಲಾದ್ರೆ ಮುಂದಿನ ಬೂಟಿಗೆ 48 ಅಂಕಿಯ ರಿಕವರಿ ಕೀ ಕೇಳಬಹುದು. ವಿಂಡೋಸ್ 11ರಲ್ಲಿ ಎಷ್ಟೋ ಜನಕ್ಕೆ ಅದು ಆನ್ ಆಗಿರೋದೇ ಗೊತ್ತಿರಲ್ಲ. ಮೊದ್ಲು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ಇದ್ಯಾ ನೋಡಿ ಪೇಪರಲ್ಲಿ ಬರ್ಕೊಳ್ಳಿ, ಆಮೇಲೆ ಬಯೋಸ್. ಕೀ ಇಲ್ಲ ಅಂದ್ರೆ ಡೇಟಾ ಹೋದಂಗೇ, ಎಸ್‌ಪಿ ರೋಡಿನ ಯಾವ ಅಂಗಡಿಯವ್ರೂ ತೆಗ್ದು ಕೊಡಕ್ಕಾಗಲ್ಲ.

ಎನೇಬಲ್ಡ್ ಇದ್ರೂ ವರ್ಚುವಲ್ ಮಶೀನ್ ಏಳ್ತಿಲ್ವಾ, ಆಗ ಎರರ್ ಪದಗಳನ್ನ ಸರಿಯಾಗಿ ಓದಿ. ನಮ್ಮ ಹುಡುಗ "ಏನೋ ವಿಟಿ-ಎಕ್ಸ್ ಅಂತ ಬರ್ತಿದೆ ಮಾಮ" ಅಂದಿದ್ದ ಅಷ್ಟೇ, ಸ್ಕ್ರೀನ್‌ಶಾಟ್ ಕಳಿಸೋ ಅಂದ್ಮೇಲೆ ನೋಡಿದ್ರೆ ಕೊನೇಲಿ ವಿಎಂಎಕ್ಸ್ ರೂಟ್ ಮೋಡ್ ಅಂತಿತ್ತು. ಅದರರ್ಥ ಸೌಕರ್ಯ ಇಲ್ಲ ಅಂತಲ್ಲ, ಬೇರೆ ಹೈಪರ್‌ವೈಸರ್ ಯಾವ್ದೋ ಆಗ್ಲೇ ಹಿಡ್ಕೊಂಡಿದೆ ಅಂತ. ಡಿಸೇಬಲ್ಡ್ ಇನ್ ದ ಬಯೋಸ್ ಅಂತ ಬಂದಿದ್ರೆ ಮಾತ್ರ ಮೊದ್ಲು ಬಯೋಸ್ ಕಡೆ ನೋಡ್ಬೇಕು. ಅವ್ನ ಫ್ರೆಂಡ್ ಹೇಳಿದ ಹಾಗೆ ಬಯೋಸಲ್ಲಿ ಆಫ್ ಮಾಡಿದ್ರೆ ಜಗಳ ನಿಲ್ಲತ್ತೆ ನಿಜ, ವಾಲ್ವೇ ಇಲ್ದಂಗಾಗತ್ತೆ, ಆದ್ರೆ ವರ್ಚುವಲ್‌ಬಾಕ್ಸ್ 6.1ರಿಂದ ಈಚೆಗೆ ಆ ಸೌಕರ್ಯ ಇಲ್ದೇ ಓಡೋದೇ ಇಲ್ಲ.

ವಿಂಡೋಸಿನ ಹೈಪರ್‌ವೈಸರ್ ಕೂತಿದ್ರೆ ಇಷ್ಟು ಒರಟಾಗಿ ಎರರ್ ಬರೋದು ಕಮ್ಮಿ. ವರ್ಚುವಲ್‌ಬಾಕ್ಸ್ 6.0ಯಿಂದ ಅದರ ಮೇಲೇ ಹೊಂದ್ಕೊಂಡು ಓಡೋದು ಕಲ್ತಿದೆ, ವಿಎಂವೇರ್ ವರ್ಕ್‌ಸ್ಟೇಶನ್ 2020ರ 15.5.5 ವರ್ಶನ್ನಿಂದ ಕಲ್ತಿದೆ. ಆದ್ರೆ ನಿಧಾನ. ವರ್ಚುವಲ್‌ಬಾಕ್ಸಲ್ಲಿ ಮಶೀನ್ ಓಡ್ತಿರುವಾಗ ಕೆಳಗಿನ ಪಟ್ಟೀಲಿ ಹಸಿರು ಆಮೆ ಚಿತ್ರ ಕಾಣಿಸಿದ್ರೆ ಇದೇ ಅಂತ ತಿಳ್ಕೊಳ್ಳಿ, ಮಾಡಿದವ್ರಿಗೆ ತಮಾಷೆ ಬುದ್ಧಿ ಇದೆ. ಖಚಿತ ಮಾಡ್ಕೋಬೇಕು ಅಂದ್ರೆ ಸ್ಟಾರ್ಟಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಓಪನ್ ಮಾಡಿ, ಪಟ್ಟಿಯ ಕೊನೆಗೆ ಹೋಗಿ, ವರ್ಚುವಲೈಸೇಶನ್ ಬೇಸ್ಡ್ ಸೆಕ್ಯೂರಿಟಿ ಎದುರು ರನ್ನಿಂಗ್ ಅಂತ, ಅದರ ಕೆಳಗೆ ಎ ಹೈಪರ್‌ವೈಸರ್ ಹ್ಯಾಸ್ ಬೀನ್ ಡಿಟೆಕ್ಟೆಡ್ ಅಂತ ಇರತ್ತೆ.

ಎಬ್ಬಿಸೋದು ಹೇಗೆ

ಆಂಟಿವೈರಸ್ ಕೂತಿದ್ರೆ ಸುಲಭ. ಅವಾಸ್ಟ್ ಮತ್ತೆ ಎವಿಜಿಯಲ್ಲಿ ಸೆಟ್ಟಿಂಗ್ಸ್, ಜನರಲ್, ಟ್ರಬಲ್‌ಶೂಟಿಂಗ್ ಒಳಗೆ ಎನೇಬಲ್ ಹಾರ್ಡ್‌ವೇರ್ ಅಸಿಸ್ಟೆಡ್ ವರ್ಚುವಲೈಸೇಶನ್ ಅಂತ ಒಂದು ಟಿಕ್ ಇರತ್ತೆ, ತೆಗೀರಿ. ಅದರ ಜೊತೆ ನೆಸ್ಟೆಡ್ ವರ್ಚುವಲೈಸೇಶನ್ ಅಂತ ಇನ್ನೊಂದು ಟಿಕ್ ಕಾಣಬಹುದು, ಅದು ಇಬ್ರಿಗೂ ಜಾಗ ಮಾಡಿಕೊಡೋ ಪ್ರಯತ್ನ. ಕ್ಯಾಸ್ಪರ್‌ಸ್ಕಿಯಲ್ಲೂ ಹಾರ್ಡ್‌ವೇರ್ ವರ್ಚುವಲೈಸೇಶನ್ ಹೆಸ್ರಿನ ಆಪ್ಶನ್ ಇದೆ, ಬ್ಯಾಂಕಿಂಗ್ ಬ್ರೌಸರನ್ನ ಕಾಯೋಕೆ ಅದನ್ನ ಬಳಸ್ತಾರೆ. ಟಿಕ್ ತೆಗ್ದ ಮೇಲೆ ರೀಸ್ಟಾರ್ಟ್ ಆಗ್ಲೇಬೇಕು, ಶಟ್‌ಡೌನ್ ಮಾಡಿ ಆನ್ ಮಾಡಿದ್ರೆ ಸಾಲದು, ಫಾಸ್ಟ್ ಸ್ಟಾರ್ಟಪ್ ಇರೋ ವಿಂಡೋಸ್ ಪೂರ್ತಿ ಆಫ್ ಆಗಿರಲ್ಲ. ನಮ್ಮ ಹುಡುಗ ಹತ್ತು ನಿಮಿಷ ಇಲ್ಲೇ ಕಳ್ದ, ಆಫ್ ಮಾಡ್ದೆ ಮಾಮ, ಆನ್ ಮಾಡ್ದೆ ಮಾಮ, ಅದೇ ಎರರ್ ಮಾಮ ಅಂತ. ರೀಸ್ಟಾರ್ಟ್ ಅಂದ್ರೆ ರೀಸ್ಟಾರ್ಟ್ ಕಣೋ ಅಂದೆ, ಮಾಡಿದ ತಕ್ಷಣ ಉಬುಂಟು ಎದ್ದು ಕೂತ್ಕೊಂಡ್ತು.

ವಿಂಡೋಸೇ ಕೂತಿದ್ರೆ ಸ್ವಲ್ಪ ಯೋಚ್ನೆ ಮಾಡಿ. ವಿಂಡೋಸ್ ಸೆಕ್ಯೂರಿಟಿ, ಡಿವೈಸ್ ಸೆಕ್ಯೂರಿಟಿ, ಕೋರ್ ಐಸೋಲೇಶನ್ ಡೀಟೇಲ್ಸ್, ಅಲ್ಲಿ ಮೆಮೊರಿ ಇಂಟೆಗ್ರಿಟಿ ಸ್ವಿಚ್ ಇದೆ. ಇದು ಕೆಟ್ಟ ಡ್ರೈವರ್‌ಗಳು ವಿಂಡೋಸಿನ ತಿರುಳಾದ ಕರ್ನಲ್ಲಿಗೆ ನುಗ್ಗದ ಹಾಗೆ ನೋಡ್ಕೊಳ್ಳತ್ತೆ, ಸುಮ್ಸುಮ್ನೆ ಆಫ್ ಮಾಡೋ ವಸ್ತು ಅಲ್ಲ. ಎಷ್ಟು ಭಾರ ಆಗತ್ತೆ ಅನ್ನೋದು ನಿಮ್ಮ ಪ್ರೊಸೆಸರ್ ವಯಸ್ಸಿನ ಮೇಲಿದೆ. ಇಂಟೆಲ್ ಏಳನೇ ಜನರೇಶನ್ನಿಂದ ಈಚೆಗೆ, ಎಎಂಡಿ ಝೆನ್ 2ರಿಂದ ಈಚೆಗೆ ಇದಕ್ಕೆ ಬೇಕಾದ ಸೌಕರ್ಯ ಪ್ರೊಸೆಸರಲ್ಲೇ ಇದೆ. ಅದಕ್ಕಿಂತ ಹಳೇದಾದ್ರೆ ವಿಂಡೋಸ್ ಅದನ್ನ ಸಾಫ್ಟ್‌ವೇರಲ್ಲೇ ನಟಿಸಬೇಕು, ಹಂಗಾಗಿ ಹೊರೆ ಜಾಸ್ತಿ. ಹೊಸ ಪ್ರೊಸೆಸರ್ ಇದ್ದು ಆಮೆ ಜೊತೆ ಬದುಕೋಕೆ ಆಗತ್ತೆ ಅಂದ್ರೆ ನಾನಂತೂ ಆನ್ ಇಡಿ ಅಂತೀನಿ.

ಆಫ್ ಮಾಡಿದ್ರೂ ಆಮೆ ಹೋಗ್ಲಿಲ್ವಾ, ಸ್ಟಾರ್ಟಲ್ಲಿ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಹುಡುಕಿ. ಹೈಪರ್-ವಿ, ವರ್ಚುವಲ್ ಮಶೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ವಿಂಡೋಸ್ ಸ್ಯಾಂಡ್‌ಬಾಕ್ಸ್ ಇವುಗಳಲ್ಲಿ ಯಾವುದಕ್ಕೆ ಟಿಕ್ ಇದ್ರೂ ಹೈಪರ್‌ವೈಸರ್ ಬಂದು ಕೂರತ್ತೆ. ಆದ್ರೆ ಡಾಕರ್ ಡೆಸ್ಕ್‌ಟಾಪ್, ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಸೌಕರ್ಯ) ಬಳಸೋರು ವರ್ಚುವಲ್ ಮಶೀನ್ ಪ್ಲಾಟ್‌ಫಾರ್ಮ್ ತೆಗೆದ್ರೆ ಅವೆರಡೂ ನಿಂತೋಗತ್ತೆ, ಆಮೇಲೆ ನನ್ನ ಬೈಬೇಡಿ. ನಿಜ ಹೇಳ್ಬೇಕಂದ್ರೆ ಬರೀ ಉಬುಂಟು ಕಮಾಂಡ್ ಕಲಿಯೋಕೆ ಡಬ್ಲ್ಯುಎಸ್‌ಎಲ್ 2 ಸಾಕು, ವರ್ಚುವಲ್‌ಬಾಕ್ಸ್ ಬೇಕೂ ಇಲ್ಲ, ಆದ್ರೆ ಲ್ಯಾಬಲ್ಲಿ ಮೇಷ್ಟ್ರು ಅದೇ ಬೇಕು ಅಂದ್ರೆ ಏನ್ಮಾಡೋದು. ಇನ್ನು ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದ್ರೆ ಇದ್ಯಾವುದನ್ನೂ ಮುಟ್ಬೇಡಿ, ಐಟಿಯವ್ರಿಗೆ ಟಿಕೆಟ್ ಹಾಕಿ ಸುಮ್ನಿರಿ.

ವರ್ಚುವಲೈಸೇಶನ್ ಸರಿಹೋದ್ರೂ ಫ್ಯಾನ್ ಜೋರಿದ್ರೆ

ಈಗ ಆ ಚೀಟಿ ತೆಗೀರಿ. ಪದೇ ಪದೇ ಸ್ಕ್ಯಾನ್ ಆಗ್ತಿರೋ ಫೋಲ್ಡರ್ ನೀವೇ ಮಾಡಿದ್ದು, ಅದರೊಳಗೆ ಏನಿದೆ ಅಂತ ನಿಮಗೆ ಗೊತ್ತು ಅಂದ್ರೆ ಮಾತ್ರ ಎಕ್ಸ್‌ಕ್ಲೂಶನ್ (ಇದನ್ನ ಸ್ಕ್ಯಾನ್ ಮಾಡ್ಬೇಡ ಅನ್ನೋ ವಿನಾಯಿತಿ) ಹಾಕಿ. ಡಿಫೆಂಡರಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಅದರ ತಳದಲ್ಲಿ ಎಕ್ಸ್‌ಕ್ಲೂಶನ್ಸ್. ವರ್ಚುವಲ್ ಮಶೀನಿನ ಡಿಸ್ಕ್ ಇರೋ ಫೋಲ್ಡರ್ ಇದಕ್ಕೆ ಸರಿಯಾದ ಉದಾಹರಣೆ, ಮಶೀನ್ ಓಡುವಷ್ಟು ಹೊತ್ತೂ ಆ ಫೈಲ್ ಬದಲಾಗ್ತಾನೇ ಇರತ್ತೆ, ಹೊರಗಿಂದ ಸ್ಕ್ಯಾನ್ ಮಾಡಿ ದೊಡ್ಡ ಲಾಭ ಇಲ್ಲ, ಒಳಗೆ ವಿಂಡೋಸ್ ಇದ್ರೆ ಅದರೊಳಗೇ ರಕ್ಷಣೆ ಇರ್ಲಿ. ಡೌನ್‌ಲೋಡ್ಸ್, ಟೆಂಪ್, ಪೂರ್ತಿ ಸಿ ಡ್ರೈವ್, ಇವನ್ನ ಯಾವತ್ತೂ ಎಕ್ಸ್‌ಕ್ಲೂಡ್ ಮಾಡ್ಬೇಡಿ. ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಬರೋ ಸೂಚನೆಗಳಲ್ಲಿ ಮೊದಲ್ನೇ ಸಾಲೇ ಅದಾಗಿರತ್ತೆ, ಯಾಕೆ ಅಂತ ಯೋಚ್ನೆ ಮಾಡಿ.

ಪ್ರೊಸೆಸ್ ಎಕ್ಸ್‌ಕ್ಲೂಶನ್ ಅಂತ ಇನ್ನೊಂದಿದೆ, ಇದನ್ನ ಹೆಚ್ಚಿನವ್ರು ತಪ್ಪಾಗಿ ತಿಳ್ಕೊಂಡಿದಾರೆ. ಡಿಫೆಂಡರಲ್ಲಿ ಒಂದು ಪ್ರೋಗ್ರಾಮನ್ನ ಹಂಗೆ ಸೇರಿಸಿದ್ರೆ ಆ ಪ್ರೋಗ್ರಾಂ ತೆಗ್ಯೋ ಫೈಲುಗಳನ್ನ ರಿಯಲ್ ಟೈಮ್ ಸ್ಕ್ಯಾನ್ ಬಿಟ್ಬಿಡತ್ತೆ, ಆ ಪ್ರೋಗ್ರಾಂ ಫೈಲನ್ನೇ ಬಿಡತ್ತೆ ಅಂತಲ್ಲ. ಅದಕ್ಕೇ ಕೆಲವ್ರು ಆಂಟಿಮಾಲ್‌ವೇರ್ ಸರ್ವಿಸನ್ನೇ ಎಕ್ಸ್‌ಕ್ಲೂಶನ್ನಿಗೆ ಹಾಕಿ ಅಂತ ವಿಡಿಯೋ ಮಾಡೋದನ್ನ ನೋಡಿದ್ರೆ ನಂಗೆ ನಗು ಬರತ್ತೆ. ಪ್ರೋಗ್ರಾಮಿಂಗ್ ಮಾಡೋರಿಗೆ ವಿಂಡೋಸ್ 11ರಲ್ಲಿ ಡೆವ್ ಡ್ರೈವ್ ಅಂತ ಇದೆ, ಕನಿಷ್ಠ 50 ಜಿಬಿ ಬೇಕು, ಅಲ್ಲಿ ಡಿಫೆಂಡರ್ ಫೈಲ್ ಓಪನ್ ಆದ್ಮೇಲೆ ನಿಧಾನವಾಗಿ ಸ್ಕ್ಯಾನ್ ಮಾಡತ್ತೆ, ಬಿಲ್ಡ್ ಕಾಯಲ್ಲ. ಎಕ್ಸ್‌ಕ್ಲೂಶನ್ನಿಗಿಂತ ಇದು ಒಳ್ಳೇದು.

ಇನ್ನು ಶೆಡ್ಯೂಲ್ಡ್ ಸ್ಕ್ಯಾನ್. ಡಿಫೆಂಡರಿಗೆ ಸ್ಕ್ಯಾನ್ ಟೈಮಲ್ಲಿ ಪ್ರೊಸೆಸರಿನ 50% ಅನ್ನೋ ಮಿತಿ ಮೊದ್ಲಿಂದ ಇದೆ, ಅದು ಸರಾಸರಿ, ಗೋಡೆ ಅಲ್ಲ, ನಡುನಡುವೆ ದಾಟತ್ತೆ. ಕಂಪ್ಯೂಟರ್ ಸುಮ್ನಿದ್ದಾಗ ಓಡೋ ಸ್ಕ್ಯಾನಿಗೆ ಆ ಮಿತಿನೂ ಇಲ್ಲ. ನೀವು ಕಾಫಿಗೆ ಎದ್ದು ಹೋದಾಗ ಫ್ಯಾನ್ ಜೋರಾಗಿ, ವಾಪಸ್ ಬಂದು ಮೌಸ್ ಅಲ್ಲಾಡಿಸಿದ ತಕ್ಷಣ ಇಳಿಯೋದು ಇದಕ್ಕೇ ಇರಬಹುದು, ಹಂಗಾಗಿದ್ರೆ ಅದು ರೋಗ ಅಲ್ಲ. ಮಿತಿ ಇಳಿಸ್ಬೇಕು ಅಂದ್ರೆ ವಿಂಡೋಸ್ ಪ್ರೋ ಇರೋರು ಗ್ರೂಪ್ ಪಾಲಿಸಿಯಲ್ಲಿ ಡಿಫೆಂಡರಿನ ಸ್ಕ್ಯಾನ್ ಫೋಲ್ಡರೊಳಗೆ ಸಿಪಿಯು ಪರ್ಸೆಂಟೇಜಿನ ಪಾಲಿಸಿ ಹುಡುಕಿ 20, 30 ಕೊಡಬಹುದು, ತೀರಾ ಕಮ್ಮಿ ಕೊಟ್ರೆ ಸ್ಕ್ಯಾನ್ ದಿನವೆಲ್ಲ ಎಳೀತದೆ. ಸಮಯ ಬದಲಾಯಿಸೋಕೆ ಟಾಸ್ಕ್ ಶೆಡ್ಯೂಲರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಒಳಗೆ ಶೆಡ್ಯೂಲ್ಡ್ ಸ್ಕ್ಯಾನ್ ಇದೆ, ಟ್ರಿಗರ್ಸಲ್ಲಿ ನಿಮಗೆ ಕ್ಲಾಸ್ ಇಲ್ಲದ ಹೊತ್ತು ಹಾಕಿ. ಬೇರೆ ಆಂಟಿವೈರಸ್ ಆದ್ರೆ ಅದರಲ್ಲೇ ಶೆಡ್ಯೂಲ್ ಇರತ್ತೆ, ಜೊತೆಗೆ ಬಂದ ಕ್ಲೀನರ್, ಅಪ್‌ಡೇಟರ್, ಬ್ರೌಸರ್ ಅಂತ ಬೇಡದ ಸಂಸಾರ ಎಲ್ಲ ತೆಗೀರಿ.

ಕೊನೇದಾಗಿ ವರ್ಚುವಲ್ ಮಶೀನಿಗೆ ಎಷ್ಟು ಕೋರ್ ಕೊಟ್ಟಿದೀರ ನೋಡಿ. ಹುಡುಗ 4 ಕೋರ್ ಲ್ಯಾಪ್‌ಟಾಪಲ್ಲಿ 4ನ್ನೂ ಉಬುಂಟುಗೇ ಬರ್ದು ಕೊಟ್ಟಿದ್ದ, ವಿಂಡೋಸೂ ಆಂಟಿವೈರಸ್ಸೂ ಎಲ್ಲಿ ಹೋಗ್ಬೇಕು. 2ಕ್ಕೆ ಇಳಿಸಿದ್ವಿ, 30 ಜಿಬಿ ಹಳೇ ಡಿಸ್ಕ್ ಕಾಪಿ ನಿಲ್ಲಿಸಿದ್ವಿ, ಮುಗಿದೋಗಿದ್ದ ಟ್ರಯಲ್ ತೆಗೆದ್ವಿ. ಟಾಸ್ಕ್ ಮ್ಯಾನೇಜರಲ್ಲಿ 97% ಇದ್ದಿದ್ದು ಉಬುಂಟು ಓಡ್ತಿದ್ರೂ 20ರ ಆಸುಪಾಸಿಗೆ ಬಂತು. ಮಾರನೇ ದಿನ ಅಕ್ಕ ಫೋನ್ ಮಾಡಿ, ಲ್ಯಾಪ್‌ಟಾಪ್ ಸದ್ದೇ ಇಲ್ಲ, ಇವ್ನು ಓದ್ತಿದಾನೋ ಮಲ್ಗಿದಾನೋ ಗೊತ್ತಾಗ್ತಿಲ್ಲ ಕಣೋ ಅಂದ್ಲು.